ಟೀ ಶರ್ಟ್ ಬ್ರ್ಯಾಂಡ್: ದುಡ್ಡು ಬಟ್ಟೆಗೋ, ಡಿಸೈನಿಗೋ?

ನೂಲೆಳೆ: ಕನ್ನಡ ಅಕ್ಷರದ ಟೀ ಶರ್ಟ್, ಮೊದಲ ಕಂತು 100 ಪೀಸ್, ಆರು ಡಿಸೈನ್. ಖರ್ಚು ಉಳಿಸಲು 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ) ಬದಲು 150ಕ್ಕೆ ಇಳಿಯಬಹುದಾ?

ಕತ್ತರಿ: ಬಟ್ಟೆ ಇಳಿಸಬೇಡಿ, ಡಿಸೈನ್ ಎರಡಕ್ಕೆ ಇಳಿಸಿ. ಆರು ಡಿಸೈನ್, ಐದು ಸೈಜ್ ಅಂದ್ರೆ 30 ಬಗೆ. ಒಂದೊಂದರಲ್ಲಿ ಮೂರೇ ಪೀಸ್! ಜೊತೆಗೆ ಡಿಸೈನಿನ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ (ಪ್ರಿಂಟ್ ಹಾಕುವ ಜಾಲರಿ ಚೌಕಟ್ಟು) ಖರ್ಚು. ತಿರುಪ್ಪೂರಿನ (ತಮಿಳುನಾಡಿನ ಟೀ ಶರ್ಟ್ ಬಟ್ಟೆಯ ಊರು) ಮಾರಾಟಗಾರರು ಬಯೋವಾಶ್ (ಕಿಣ್ವ ಹಾಕಿ ಒಗೆದು ಬಟ್ಟೆ ನುಣುಪು ಮಾಡುವುದು) ಆಗಿದೆ ಅಂದ್ರೂ ಪರೀಕ್ಷೆ ಬಿಡಬೇಡಿ: ಬಟ್ಟೆ ಮೇಲೆ 25 ಸೆಂ.ಮೀ. ಚೌಕ ಗುರುತು ಹಾಕಿ, ಮೂರು ಸಲ ಒಗೆದು ಒಣಗಿಸಿ ಅಳೆಯಿರಿ. 23.75ಕ್ಕಿಂತ ಕಡಿಮೆ ಬಂದ್ರೆ 5% ಮೀರಿ ಕುಗ್ಗಿದೆ, ಆ ಲಾಟ್ ಬೇಡ. ಒಗೆದ ಸ್ಯಾಂಪಲ್‌ನ ಪಕ್ಕದ ಹೊಲಿಗೆ ಹೊಟ್ಟೆ ಕಡೆ ತಿರುಚಿಕೊಂಡರೂ ಅಷ್ಟೇ.

ಮಸಿಬಟ್ಟಲು: ಅಕ್ಷರ ಬರೆಯುವಾಗಲೇ ಪ್ರಿಂಟ್ ನೆನಪಿರಲಿ. ಒತ್ತಕ್ಷರದ ಸಣ್ಣ ಸುಳಿಗಳು ಶಾಯಿ ಹರಡಿ ಮುಚ್ಚಿಹೋಗುತ್ತವೆ. ಒಳಗಿನ ಖಾಲಿ ಜಾಗ 1 ಮಿ.ಮೀ.ಗಿಂತ ಕಡಿಮೆ ಬೇಡ. ಮಾಮೂಲಿ ಪ್ಲಾಸ್ಟಿಸಾಲ್ (ಕಾವು ಕೊಟ್ಟರೆ ಗಟ್ಟಿಯಾಗುವ ಪ್ಲಾಸ್ಟಿಕ್) ಶಾಯಿಯ ಪೂರ್ತಿ ಪದರಕ್ಕೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವು ತಲುಪಬೇಕು. ಮೇಲ್ಮೈ ಮಾತ್ರ ಒಣಗಿದ್ದರೆ ಒಗೆತಕ್ಕೆ ಬಿರುಕು ಬಿಡುತ್ತೆ. ಡೆಲಿವರಿ ತಗೊಳ್ಳುವಾಗ ಪ್ರಿಂಟ್ ಎಳೆದು ನೋಡಿ.

ನೂಲೆಳೆ: ಕತ್ತಿನ ಪಟ್ಟಿಗೆ ಅದೇ ಬಟ್ಟೆ ಸಾಕಾ?

ಕತ್ತರಿ: ಸಾಲದು, ಜೋಲು ಬೀಳುತ್ತೆ. 5% ಲೈಕ್ರಾ (ಹಿಗ್ಗುವ ನೂಲು) ಇರುವ ರಿಬ್ (ಗೆರೆಗೆರೆಯ, ಎಳೆದರೆ ಹಿಗ್ಗಿ ಮತ್ತೆ ಕೂರುವ ಹೆಣಿಗೆ ಬಟ್ಟೆ) ಹಾಕಿಸಿ.