ಮನವಿಯ ಮೊದಲ ಸಾಲು: ‘ವಿಶ್ವದರ್ಜೆ’ ಇರಲೋ, ತೆಗೆಯೋಣವೋ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸೋಮವಾರ ಕೊಡಬೇಕಾದ ಮನವಿಯ ಕರಡು ಇದು. ಓದಿ, ಇವತ್ತು ರಾತ್ರಿಯೊಳಗೆ ಅಭಿಪ್ರಾಯ ಹೇಳಿ. ಎರಡು ದಿನ ಶುಭೋದಯದ ಚಿತ್ರಗಳನ್ನು ಹಾಕಬೇಡಿ, ಮುಖ್ಯ ಸಂದೇಶ ಮೇಲೆ ಹೋಗಿಬಿಡುತ್ತದೆ.

“ಮಾನ್ಯರೇ, ವಿಶ್ವದರ್ಜೆಯ ನಗರವಾಗುವತ್ತ ದಾಪುಗಾಲು ಇಡುತ್ತಿರುವ ನಮ್ಮ ಹಾಸನದ ಸಾಲಗಾಮೆ ರಸ್ತೆ ಭಾಗದ ಈ ಬಡಾವಣೆಯಲ್ಲಿ ಬೀದಿದೀಪ, ಒಳಚರಂಡಿ ಹಾಗೂ ಕುಡಿಯುವ ನೀರಿನ ಸಮಸ್ಯೆ ಇರುತ್ತದೆ. ತಾವು ದಯಮಾಡಿ ಇತ್ತ ಗಮನ ಹರಿಸಬೇಕಾಗಿ ವಿನಂತಿ.”

ಮೂಲೆ ಮನೆ, 3ನೇ ಅಡ್ಡರಸ್ತೆ: ಅಡ್ಮಿನ್ ಸಾರ್, ನಮ್ಮ ಮನೆ ಮುಂದಿನ ಮ್ಯಾನ್‌ಹೋಲ್ ಶುಕ್ರವಾರದಿಂದ ಉಕ್ಕುತ್ತಿದೆ. ಸ್ಕೂಲ್ ವ್ಯಾನ್‌ನವರು ಒಳಗೆ ಬರೋಲ್ಲ ಅಂತ ಹೇಳಿಬಿಟ್ಟಿದ್ದಾರೆ. ದಾಪುಗಾಲು ಆಮೇಲೆ, ಮೊದಲು ಕಾಲಿಡೋಕೆ ಒಣ ಜಾಗ ಬೇಕು.

ಪಾರ್ಕ್ ಎದುರು ಮನೆ: ಅಕ್ಕಾ, ಸಮಸ್ಯೆ ಬರೆಯೋಣ. ಆದರೆ ಆ ಸಾಲು ನನಗೆ ಇಷ್ಟವಾಯಿತು. ನಮ್ಮ ಊರನ್ನು ನಾವೇ ಕೀಳಾಗಿ ನೋಡೋದು ಬೇಡ ಅಲ್ವಾ? 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಕೇಂದ್ರ ಎಂ.ಸಿ.ಎಫ್. ಇದೇ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇದೆ. ಆಮೇಲೆ 2005ರಲ್ಲಿ ಭೋಪಾಲ್‌ನಲ್ಲಿ ಎರಡನೆಯದು ಶುರುವಾಯಿತು, ಅದು ಬಿಟ್ಟರೆ ದೇಶದಲ್ಲಿ ಇಂಥದ್ದು ಇಲ್ಲ. ಇಷ್ಟಿದ್ದೂ ವಿಶ್ವದರ್ಜೆ ಅನ್ನೋಕೆ ಯಾಕೆ ಹಿಂಜರಿಕೆ?

ಗೇಟ್ ಹತ್ತಿರದ ಮನೆ: 36,000 ಕಿ.ಮೀ. ಮೇಲಿನ ಉಪಗ್ರಹ ಸ್ವಲ್ಪ ಜರುಗಿದರೆ ಸರಿ ಮಾಡುವ ಊರು. ನಮ್ಮ ಕಂಬದ ಬಲ್ಬ್ ಮಾತ್ರ…

ಮೇಷ್ಟ್ರು, 1ನೇ ಅಡ್ಡರಸ್ತೆ: ಈ ಜೋಕು ಹಾಸನದಲ್ಲಿ ಎಲ್ಲರೂ ಹೇಳಿ ಆಗಿದೆ ಕಣಪ್ಪ, ಹೊಸದು ಹೇಳು.

ಪಾರ್ಕ್ ಎದುರಿನವರೇ, ನೀವು ಹೇಳಿದ್ದೆಲ್ಲ ನಿಜ. ಆದರೆ ಬೇಲೂರಿನ ಚೆನ್ನಕೇಶವ ಗುಡಿ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಅದು ವಿಷ್ಣುವರ್ಧನನ ಮತ್ತು ಶಿಲ್ಪಿಗಳ ಕೆಲಸ. ಎಂ.ಸಿ.ಎಫ್. ಕೇಂದ್ರ ಸರ್ಕಾರದ್ದು. ಇವೆಲ್ಲ ಹಾಸನದಲ್ಲಿವೆ ಅನ್ನೋದು ಹೆಮ್ಮೆ. ಹಾಸನ ನಗರ ಹೇಗಿದೆ ಅನ್ನೋದಕ್ಕೆ ಅವು ಸಾಕ್ಷಿಯಾಗುವುದಿಲ್ಲ. ಹಳೇಬೀಡು ನೋಡಲು ಬಂದವರು ನಮ್ಮ ಪೇಟೆಯಲ್ಲಿ ರಾತ್ರಿ ಉಳಿಯಬೇಕು, ಫುಟ್‌ಪಾತ್ ಮೇಲೆ ನಡೆಯಬೇಕು, ಹೆಂಗಸರಿಗೆ ಶೌಚಾಲಯ ಸಿಗಬೇಕು. ಅಂಕ ಹಾಕಬೇಕಾದ್ದು ಅದಕ್ಕೆ.

ಮೈಸೂರು ಮೇಡಂ, 2ನೇ ಅಡ್ಡರಸ್ತೆ: ಮೇಷ್ಟ್ರು ಹೇಳಿದ್ದು ಸರಿ. ನಮ್ಮ ಮೈಸೂರನ್ನು ಎಲ್ಲರೂ ಅರಮನೆಗೆ ಹೊಗಳುತ್ತಾರೆ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲೇ ಅಲ್ಲಿ ನಗರ ಸುಧಾರಣಾ ಮಂಡಳಿ ಮಾಡಿ, ಇಕ್ಕಟ್ಟಿನ ಮೊಹಲ್ಲಾ ಬಿಡಿಸಿ, ಚರಂಡಿ ಮಾಡಿದರು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೊದಲ ಸ್ಥಾನ ಬಂದಾಗ ಎಲ್ಲರೂ ಖುಷಿಪಟ್ಟರು. ಅದು ನೂರು ವರ್ಷದ ಹಿಂದಿನ ಚರಂಡಿಯಿಂದ ಶುರುವಾದ ಕಥೆ.

ಪಾರ್ಕ್ ಎದುರು ಮನೆ: ಮೇಡಂ, ನೀವು ಹಾಸನಕ್ಕೆ ಬಂದು ಎಷ್ಟು ವರ್ಷ ಆದರೂ ಮೈಸೂರು ಬಿಡಲಿಲ್ಲ.

ಮೈಸೂರು ಮೇಡಂ, 2ನೇ ಅಡ್ಡರಸ್ತೆ: ಬಿಡೋದೂ ಇಲ್ಲ.

ಬೆಂಗಳೂರಿನಲ್ಲಿರುವ ಸೈಟಿನವರು: ಒಂದು ಮಾತು. ನಾನಿನ್ನೂ ಮನೆ ಕಟ್ಟಿಲ್ಲ, ಆದರೂ ಸದಸ್ಯ. ನೀವು ಮನವಿ ಕೊಡಿ, ಬೇಡ ಅನ್ನಲ್ಲ. ಮ್ಯಾನ್‌ಹೋಲ್ ಫೋಟೋ ಫೇಸ್‌ಬುಕ್‌ಗೆ ಹಾಕಬೇಡಿ. ‘ವಿಶ್ವದರ್ಜೆ’ ಇರಲಿ. ಬೂವನಹಳ್ಳಿ ವಿಮಾನ ನಿಲ್ದಾಣ ಬಂದರೆ ಇಲ್ಲಿನ ರೇಟು ಎಲ್ಲಿಗೋ ಹೋಗುತ್ತದೆ. ಸುಮ್ನೆ ನಾವೇ ಕೆಡಿಸಿಕೊಳ್ಳಬಾರದು.

ಮೂಲೆ ಮನೆ, 3ನೇ ಅಡ್ಡರಸ್ತೆ: ಬೂವನಹಳ್ಳಿಗೆ ಶಂಕುಸ್ಥಾಪನೆ ಆಗಿದ್ದು 2007ರಲ್ಲಿ ಸಾರ್. ಅವತ್ತಿಂದ ವಿಮಾನದ ಹೆಸರಲ್ಲಿ ಸೈಟು ಮಾರಾಟ ಆಗ್ತಾ ಇದೆ. ನೀವು ಬೇಕಿದ್ದರೆ ಒಂದು ವಾರ ಬಂದು ನಮ್ಮ ಮನೆ ಮಹಡಿಯಲ್ಲಿ ಇರಿ. ಊಟ ನಾನೇ ಹಾಕ್ತೀನಿ. ಕಿಟಕಿ ಮಾತ್ರ ತೆಗೆಯೋಕಾಗಲ್ಲ.

ಬೆಂಗಳೂರಿನಲ್ಲಿರುವ ಸೈಟಿನವರು: ನಾನು ಹೇಳಿದ್ದನ್ನು ಬೇರೆ ಥರ ತಗೋಬೇಡಿ ಮೇಡಂ.

ಗೇಟ್ ಹತ್ತಿರದ ಮನೆ: ಎಲ್ಲರಿಗೂ ಒಂದು ಸಲಹೆ. ಮಾತು ಬಿಟ್ಟು ಕೆಲಸ ನೋಡೋಣ. ನನಗೆ ಒಬ್ಬ ಹುಡುಗ ಗೊತ್ತು. ಸಾವಿರ ರೂಪಾಯಿ ಕೊಟ್ಟರೆ ನಾಳೆ ಬೆಳಿಗ್ಗೆಯೇ ಮ್ಯಾನ್‌ಹೋಲ್ ಒಳಗೆ ಇಳಿದು ಕಟ್ಟಿಕೊಂಡಿರೋದನ್ನು ತೆಗೆಯುತ್ತಾನೆ. ಮನೆಗೆ ಐವತ್ತು ರೂಪಾಯಿ ಹಾಕಿದರೆ ಮುಗಿಯಿತು.

ನಿವೃತ್ತ ಇಂಜಿನಿಯರ್, 4ನೇ ಅಡ್ಡರಸ್ತೆ: ಬೇಡ. ದಯವಿಟ್ಟು ಆ ಹುಡುಗನಿಗೆ ಫೋನ್ ಮಾಡಬೇಡಿ. ಮಾಡಿದ್ದರೆ ಈಗಲೇ ಬರಬೇಡ ಅಂತ ಹೇಳಿ.

ಮುಚ್ಚಿದ ಮ್ಯಾನ್‌ಹೋಲ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿ ಆದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಒಳಗಿದ್ದವನು ವಾಸನೆ ಹೋಯಿತು ಅಂದುಕೊಳ್ಳುತ್ತಾನೆ, ಅಲ್ಲೇ ಬೀಳುತ್ತಾನೆ. ಎತ್ತೋಕೆ ಇಳಿದ ಇನ್ನೊಬ್ಬನೂ ಬೀಳುತ್ತಾನೆ. ಪತ್ರಿಕೆಯಲ್ಲಿ ಓದುವ ಇಂಥ ಸಾವುಗಳು ಎರಡು, ಮೂರು ಒಟ್ಟಿಗೆ ಇರೋದು ಅದಕ್ಕೇ.

ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯನನ್ನು ಇಳಿಸೋದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮನೆಗೆ ಐವತ್ತು ಹಾಕಿ ಕರೆಸಿದವರೂ ತಪ್ಪಿಸಿಕೊಳ್ಳೋಕಾಗಲ್ಲ. ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಜೀವಕ್ಕೆ ಬೆಲೆ ಕಟ್ಟಲು ಹೇಳುತ್ತಿಲ್ಲ. ಸಾವಿರ ರೂಪಾಯಿಗೆ ಇಳಿಯೋಕೆ ಒಪ್ಪುವವನು ಯಾಕೆ ಒಪ್ಪುತ್ತಾನೆ ಅಂತ ಯೋಚಿಸಿ.

ಗೇಟ್ ಹತ್ತಿರದ ಮನೆ: ಆಯ್ತು ಸಾರ್. ಅವನಿಗೆ ಹೇಳಿಲ್ಲ, ಹೇಳೋದೂ ಇಲ್ಲ.

ಮೇಷ್ಟ್ರು, 1ನೇ ಅಡ್ಡರಸ್ತೆ: ನನ್ನನ್ನು ಕೇಳಿದರೆ ವಿಶ್ವದರ್ಜೆಗೆ ಇದೊಂದೇ ಪರೀಕ್ಷೆ ಸಾಕು. ಯಾವ ಊರಲ್ಲಿ ಮನುಷ್ಯ ಗುಂಡಿಗೆ ಇಳಿಯುವುದಿಲ್ಲವೋ ಆ ಊರಿಗೆ ಆ ಬಿರುದು ಕೊಡೋಣ. ಉಳಿದವರೆಲ್ಲ ಕಾಯಲಿ.

ನಿವೃತ್ತ ಇಂಜಿನಿಯರ್, 4ನೇ ಅಡ್ಡರಸ್ತೆ: ಇನ್ನೊಂದು ವಿಷಯ. ಇಳಿದರೂ ಪ್ರಯೋಜನ ಇಲ್ಲ. ನಿನ್ನೆ ನಾನು ಮತ್ತು ಅಡ್ಮಿನ್ ಕೆಳಗಿನ ತುದಿಯವರೆಗೆ ನಡೆದು ನೋಡಿದೆವು. ಲೇಔಟ್ ಮಾಡಿದವರು ಯುಜಿಡಿ (ಒಳಚರಂಡಿ) ಪೈಪ್ ಹಾಕಿದ್ದಾರೆ, ಚೇಂಬರ್ ಕಟ್ಟಿದ್ದಾರೆ. ಆದರೆ ಕೊನೆಯ ಚೇಂಬರ್‌ನಿಂದ ಊರಿನ ಮುಖ್ಯ ಕೊಳವೆಗೆ ಸೇರಿಸಿಲ್ಲ. ಒಂದು ದೊಡ್ಡ ಗುಂಡಿಗೆ ಬಿಟ್ಟಿದ್ದಾರೆ. ಹತ್ತು ಮನೆ ಇದ್ದಾಗ ಅದು ನಡೆಯಿತು. ಮನೆ ಜಾಸ್ತಿ ಆದ ಹಾಗೆ ಗುಂಡಿ ತುಂಬಿತು, ನೀರು ಹಿಂದಕ್ಕೆ ಒತ್ತಿತು. ಬಡಾವಣೆಯಲ್ಲಿ ತಗ್ಗು ಜಾಗ ಮೂರನೇ ಅಡ್ಡರಸ್ತೆ, ಅದಕ್ಕೇ ಮೊದಲು ಅಲ್ಲಿ ಉಕ್ಕಿದೆ. ಕಟ್ಟಿಕೊಂಡಿರುವುದು ಏನೂ ಇಲ್ಲ. ಹೋಗೋಕೆ ದಾರಿಯೇ ಇಲ್ಲ.

ಮೂಲೆ ಮನೆ, 3ನೇ ಅಡ್ಡರಸ್ತೆ: ಹಾಗಾದರೆ ಯಾರನ್ನು ಕೇಳಬೇಕು ಸಾರ್? ಒಂದು ಕಚೇರಿಗೆ ಹೋದರೆ ಲೇಔಟ್ ಇನ್ನೂ ಹಸ್ತಾಂತರ ಆಗಿಲ್ಲ ಅಂತಾರೆ. ಇನ್ನೊಂದು ಕಚೇರಿಗೆ ಹೋದರೆ ನಿಮ್ಮ ಊರು ಈಗ ನಮ್ಮ ಲೆಕ್ಕದಲ್ಲಿ ಇಲ್ಲ ಅಂತಾರೆ. ಲೇಔಟ್ ಮಾಡಿದವರು ಫೋನೇ ಎತ್ತಲ್ಲ. ಕಂದಾಯ ಕಟ್ಟಿಸಿಕೊಳ್ಳೋವಾಗ ಮಾತ್ರ ನಾವು ಎಲ್ಲರ ಲೆಕ್ಕದಲ್ಲೂ ಇದ್ದೀವಿ.

ಅಡ್ಮಿನ್: ನಗರಸಭೆ ಹೋಗಿ ಮಹಾನಗರ ಪಾಲಿಕೆ ಆಯಿತಲ್ಲ, ಸುತ್ತಲಿನ ಹಳ್ಳಿಗಳು ಸೇರಿದ ಕಡೆಯೆಲ್ಲ ಹೀಗೇ ಗೊಂದಲ.

ನಿವೃತ್ತ ಇಂಜಿನಿಯರ್, 4ನೇ ಅಡ್ಡರಸ್ತೆ: ಅಲ್ಲೇ ನೋಡಿ. ‘ಮಹಾನಗರ’ ಅನ್ನೋಕೂ ಅಳತೆ ಇದೆ. 1976ರ ಪಾಲಿಕೆ ಕಾಯ್ದೆಯಲ್ಲಿ ಜನಸಂಖ್ಯೆ 3 ಲಕ್ಷಕ್ಕೆ ಕಡಿಮೆ ಇರಬಾರದು, ಚದರ ಕಿ.ಮೀ.ಗೆ 3,000 ಜನ ಇರಬೇಕು, ಅರ್ಧದಷ್ಟು ಉದ್ಯೋಗ ಬೇಸಾಯದ ಹೊರಗೆ ಇರಬೇಕು ಅಂತ ಇದೆ. ಇಷ್ಟು ಆದಾಯ ಅಂತಲೂ ಇದೆ. ವಿಶ್ವದರ್ಜೆಗೆ ಇಂಥ ಒಂದು ಸಾಲೂ ಎಲ್ಲೂ ಇಲ್ಲ. ಅದನ್ನು ಹೇಳಿದವರು ಏನನ್ನೂ ಕೊಡಬೇಕಾಗಿಲ್ಲ. ನಾವು ಮನವಿಯಲ್ಲಿ ಬರೆದರೆ ಓದಿದವರು ಸಂತೋಷಪಟ್ಟು ಫೈಲು ಮುಚ್ಚುತ್ತಾರೆ.

ಐಟಿ ಹುಡುಗ, 2ನೇ ಅಡ್ಡರಸ್ತೆ: ಅಂಕಲ್, ಪಟ್ಟಿ ಒಂದು ಇದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು. ಜಗತ್ತಿನ ನಗರಗಳನ್ನು ಆಲ್ಫಾ, ಬೀಟಾ, ಗಾಮಾ ಅಂತ ವಿಂಗಡಿಸುತ್ತಾರೆ. ಬೆಂಗಳೂರೂ ಇದೆ. ಆದರೆ ಅವರು ನೋಡೋದು ಬ್ಯಾಂಕು, ಲೆಕ್ಕಪತ್ರ, ಜಾಹೀರಾತು, ಕಾನೂನು ಇಂಥ ಕಂಪನಿಗಳ ಕಚೇರಿ ಎಲ್ಲೆಲ್ಲಿವೆ, ಒಂದಕ್ಕೊಂದು ಎಷ್ಟು ನಂಟು ಅಂತ. ನಲ್ಲಿಯಲ್ಲಿ ನೀರು ಬರುತ್ತಾ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಅಷ್ಟು ದೊಡ್ಡ ಬೆಂಗಳೂರಿನಲ್ಲಿ ನಾನು ಬಾಡಿಗೆ ಮನೆಯಲ್ಲಿದ್ದಾಗಲೂ ಟ್ಯಾಂಕರ್ ನೀರೇ.

ನಿವೃತ್ತ ಇಂಜಿನಿಯರ್, 4ನೇ ಅಡ್ಡರಸ್ತೆ: ಸರಿಯಾಗಿ ಹೇಳಿದೆ. ನೀರಿಗೆ ಅಳತೆ ಬೇಕಾದರೆ ನಮ್ಮಲ್ಲೇ ಇದೆ. ಒಳಚರಂಡಿ ಇರುವ ಊರಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಕೇಂದ್ರದ ಮಾನದಂಡ. ಐದು ಜನರ ಮನೆಗೆ 675 ಲೀಟರ್. ಕೊಡೋಕಾಗಲ್ಲ ಅನ್ನೋರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ತೋರಿಸಿ. ವಿಶ್ವಬ್ಯಾಂಕ್ ನೆರವಿನಲ್ಲಿ ಆಯ್ದ ವಾರ್ಡ್‌ಗಳಿಗೆ 24 ಗಂಟೆ ನೀರು ಕೊಟ್ಟು 2008ರಲ್ಲೇ ತೋರಿಸಿದರು. ಎಲ್ಲ ಕರ್ನಾಟಕದಲ್ಲೇ, ಸಿಂಗಪುರಕ್ಕೆ ಹೋಗಬೇಕಾಗಿಲ್ಲ. ನಮ್ಮ ಗೊರೂರು ಅಣೆಕಟ್ಟಿನಲ್ಲಿ ತುಂಬಿದರೆ 37 ಟಿಎಂಸಿ. ಹೇಮಾವತಿ ನೀರು ಕಾಲುವೆಯಲ್ಲಿ ತುಮಕೂರಿನವರೆಗೆ ಹೋಗುತ್ತದೆ. ಅವರಿಗೂ ಬೇಕು, ಅದಕ್ಕೆ ತಕರಾರಿಲ್ಲ. ಪಕ್ಕದಲ್ಲೇ ಇರುವ ನಾವು ಟ್ಯಾಂಕರ್‌ನವರ ಫೋನಿಗೆ ಕಾಯೋದು ಮಾತ್ರ ಸರಿ ಅಲ್ಲ.

ಪಾರ್ಕ್ ಎದುರು ಮನೆ: ಒಪ್ಪಿದೆ ಸಾರ್. ಆದರೂ ಒಂದು ಕೇಳ್ತೀನಿ. ದೊಡ್ಡ ಮಾತು ಇದ್ದರೆ ತಾನೇ ದೊಡ್ಡ ದುಡ್ಡು ಬರೋದು? ಹಾಸನಾಂಬೆ ಬಾಗಿಲು ತೆಗೆಯುವ ಹೊತ್ತಿಗೆ ನೋಡಿ. ರಸ್ತೆ ಗುಂಡಿ ಮುಚ್ಚುತ್ತಾರೆ, ದೀಪ ಹಾಕುತ್ತಾರೆ, ಡಾಂಬರು ಬೀಳುತ್ತದೆ. ಹೊರಗಿನವರು ನೋಡ್ತಾರೆ ಅಂದರೆ ಕೆಲಸ ಆಗುತ್ತದೆ.

ಮೈಸೂರು ಮೇಡಂ, 2ನೇ ಅಡ್ಡರಸ್ತೆ: ಅಮ್ಮನ ಬಾಗಿಲು ಮುಚ್ಚಿದ ಮೇಲೆ ಅದೇ ದೀಪಗಳನ್ನು ಬಿಚ್ಚಿಕೊಂಡು ಹೋಗ್ತಾರಲ್ಲ, ಅದನ್ನೂ ಹೇಳಿ. ಜಾತ್ರೆ ಹಾದು ಹೋಗುವ ದಾರಿಯಲ್ಲಿ ನಮ್ಮ ಬಡಾವಣೆ ಇಲ್ಲ. ವಿಶ್ವದರ್ಜೆಯ ದುಡ್ಡೂ ಹಾಗೇ, ಯಾವಾಗಲೂ ನೋಡುವವರು ಹಾದು ಹೋಗುವ ರಸ್ತೆಗೇ ಬೀಳೋದು.

ಪಾರ್ಕ್ ಎದುರು ಮನೆ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮೂಲೆ ಮನೆ, 3ನೇ ಅಡ್ಡರಸ್ತೆ: ಅಂದಹಾಗೆ ಆ ಪದ ಎಲ್ಲಿಂದ ಬಂತು ಅಂತ ಹುಡುಕಿದೆ. ಸೈಟು ಕೊಂಡಾಗ ಕೊಟ್ಟ ಬಣ್ಣದ ಬ್ರೋಷರ್ ಬೀರುವಿನಲ್ಲಿತ್ತು. ಮೊದಲ ಪುಟದಲ್ಲೇ ‘ವಿಶ್ವದರ್ಜೆಯ ಬದುಕು’. ಕಾರಂಜಿ ಚಿತ್ರ ಇದೆ, ಕುದುರೆ ಮೇಲೆ ಕೂತ ಮಗು ಇದೆ. ಎರಡನೇ ಪುಟದಲ್ಲಿ: ಯುಜಿಡಿ ಸಂಪರ್ಕ, 24 ಗಂಟೆ ನೀರು, ಎಲ್ಲ ರಸ್ತೆಗೂ ಬೀದಿದೀಪ, ಪಾರ್ಕ್.

ನಿವೃತ್ತ ಇಂಜಿನಿಯರ್, 4ನೇ ಅಡ್ಡರಸ್ತೆ: ಅದನ್ನು ಜೋಪಾನವಾಗಿ ಇಡಿ ತಾಯಿ! ಇಷ್ಟು ಹೊತ್ತಿನ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಕಾಗದ ಅದೇ.

2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 12ನೇ ಸೆಕ್ಷನ್ ಹೇಳೋದು ಇದನ್ನೇ. ಜಾಹೀರಾತು ಅಥವಾ ಬ್ರೋಷರ್ ನಂಬಿ ಮುಂಗಡ ಕೊಟ್ಟು, ಅದರಲ್ಲಿ ಹೇಳಿದ್ದು ಸುಳ್ಳಾಗಿ ನಷ್ಟವಾದರೆ ಪರಿಹಾರ ಕೇಳಬಹುದು. ನಮ್ಮ ಲೇಔಟ್‌ಗೆ ರೇರಾ ನೋಂದಣಿ ಇದೆ, ಕ್ರಯಪತ್ರದಲ್ಲೂ ಸಂಖ್ಯೆ ಇದೆ. ಮೊದಲ ಪುಟ ಹಿಡಿದು ಹೋದರೆ ಏನೂ ಸಿಗಲ್ಲ. ವಿಶ್ವದರ್ಜೆಯ ಬದುಕು ಸಿಗಲಿಲ್ಲ ಅಂತ ಸಾಬೀತು ಮಾಡೋಕೆ ಯಾರಿಂದಲೂ ಆಗಲ್ಲ. ಎರಡನೇ ಪುಟ ಹಿಡಿದು ಹೋದರೆ ಯುಜಿಡಿ ಸಂಪರ್ಕ ಇದೆಯೋ ಇಲ್ಲವೋ, ಅಷ್ಟೇ ಪ್ರಶ್ನೆ.

ಬೆಂಗಳೂರಿನಲ್ಲಿರುವ ಸೈಟಿನವರು: ಸಾರ್, ಈ ದೂರಿಗೆ ಸೈಟು ಮಾತ್ರ ಇರುವವರೂ ಸೇರಬಹುದಾ?

ಮೂಲೆ ಮನೆ, 3ನೇ ಅಡ್ಡರಸ್ತೆ: ಬನ್ನಿ ಸಾರ್, ನಿಮ್ಮ ರೇಟಿಗೂ ಒಳ್ಳೇದು.

ಅಡ್ಮಿನ್: ಸರಿ. ಮೊದಲ ಸಾಲು ತೆಗೆದಿದ್ದೇನೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಒಟ್ಟಿಗೆ ಹಾಕೋಣ ಅಂತ ಇದೆ. ಹೊಸ ಕರಡು:

“ಮಾನ್ಯರೇ, ನಮ್ಮ ಬಡಾವಣೆಯ ಕೊನೆಯ ಯುಜಿಡಿ ಚೇಂಬರ್ ನಗರದ ಮುಖ್ಯ ಕೊಳವೆಗೆ ಸೇರಿಲ್ಲ. 3ನೇ ಅಡ್ಡರಸ್ತೆಯಲ್ಲಿ ಕೊಳಚೆ ನೀರು ರಸ್ತೆಗೆ ಹರಿಯುತ್ತಿದೆ. ಫೋಟೋ ಲಗತ್ತಿಸಿದೆ. ಸಂಪರ್ಕ ಕೊಡುವವರೆಗೆ ಯಂತ್ರದಿಂದಲೇ ಗುಂಡಿ ಖಾಲಿ ಮಾಡಿಸಬೇಕು, ಯಾರನ್ನೂ ಒಳಗೆ ಇಳಿಸಬಾರದು. ಬಡಾವಣೆ ಹಸ್ತಾಂತರಕ್ಕೆ ಬಾಕಿ ಇರುವ ಕೆಲಸಗಳ ಪಟ್ಟಿ ಮತ್ತು ಅದನ್ನು ಮಾಡಬೇಕಾದವರು ಯಾರು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಉರಿಯದ ಕಂಬಗಳ ಸಂಖ್ಯೆ ಹಾಗೂ ನೀರು ಬಂದ ದಿನಗಳ ವಿವರ ಹಿಂದಿನ ಪುಟದಲ್ಲಿದೆ.”

ಮೇಷ್ಟ್ರು, 1ನೇ ಅಡ್ಡರಸ್ತೆ: ಈಗ ಮನವಿ ಆಯಿತು. ಕಂಬ ಎಣಿಸೋ ಕೆಲಸ ನನಗೆ ಬಿಡಿ, ಸಂಜೆ ಹೇಗೂ ವಾಕಿಂಗ್ ಹೋಗ್ತೀನಿ.

ಪಾರ್ಕ್ ಎದುರು ಮನೆ: ಪಾರ್ಕ್ ಬಗ್ಗೆ ಒಂದು ಸಾಲು ಸೇರಿಸಿ. ನಕ್ಷೆಯಲ್ಲಿ ಪಾರ್ಕ್, ನಮ್ಮ ಮನೆ ಎದುರು ಬರೀ ಪಾರ್ಥೇನಿಯಂ.

ನಿವೃತ್ತ ಇಂಜಿನಿಯರ್, 4ನೇ ಅಡ್ಡರಸ್ತೆ: ಪಾರ್ಕ್, ರಸ್ತೆ, ಸಿ.ಎ. (ನಾಗರಿಕ ಸೌಲಭ್ಯದ) ಜಾಗ ಇವನ್ನು ಲೇಔಟ್ ಮಾಡಿದವರು ನೋಂದಾಯಿತ ಪತ್ರದಲ್ಲಿ ಬಿಟ್ಟುಕೊಟ್ಟಿದ್ದಾರಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. ಎಲ್ಲ ಒಂದೇ ಅರ್ಜಿಯಲ್ಲಿ ತುರುಕಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಯುಜಿಡಿಗೆ ಒಂದು, ಪಾರ್ಕಿಗೆ ಒಂದು, ದೀಪಕ್ಕೆ ಒಂದು. ಒಂದಕ್ಕೆ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು.

ಐಟಿ ಹುಡುಗ, 2ನೇ ಅಡ್ಡರಸ್ತೆ: ಮೂರೂ ನಾನೇ ಟೈಪ್ ಮಾಡ್ತೀನಿ. ಸರ್ಕಾರದ ಸಹಾಯವಾಣಿ 1902ಕ್ಕೂ ದೂರು ಹಾಕಿದ್ದೇನೆ, ಸಂಖ್ಯೆ ಬಂದಿದೆ, ಅಡ್ಮಿನ್‌ಗೆ ಕಳಿಸ್ತೀನಿ.

ಗೇಟ್ ಹತ್ತಿರದ ಮನೆ: ಸೋಮವಾರ ನನ್ನ ಕಾರಿನಲ್ಲಿ ನಾಲ್ಕು ಜನ ಬರಬಹುದು. ಹತ್ತೂವರೆಗೆ ಗೇಟ್ ಹತ್ತಿರ.

ಮೂಲೆ ಮನೆ, 3ನೇ ಅಡ್ಡರಸ್ತೆ: ನಾನು ಬರ್ತೀನಿ. ಬ್ರೋಷರ್ ಮೂಲ ಪ್ರತಿ ಕೊಡಲ್ಲ, ಜೆರಾಕ್ಸ್ ತರ್ತೀನಿ.

ಅಡ್ಮಿನ್: ಮನವಿಗೆ ಎರಡು ಪ್ರತಿ. ನಮ್ಮ ಪ್ರತಿ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಯಾರೂ ಹೊರಗೆ ಬರಬೇಡಿ. ಸಹಿ ಹಾಕದವರು ಭಾನುವಾರ ಸಂಜೆಯೊಳಗೆ ಮೇಷ್ಟ್ರ ಮನೆಗೆ ಹೋಗಿ ಹಾಕಿ.