ಸಾಂತಾನಾ ಉಂಡೆಯೊಳಗೆ ಸೀಲಕ್ಯಾಂತ್: ಆ್ಯಸಿಡ್‌ಗೆ ಇಳಿಸಬಹುದಾ?

ಕಪಾಟಿನ ಕಲ್ಲು: ಬೆಂಗಳೂರಿನ ಕಾಲೇಜೊಂದರ ಜಿಯಾಲಜಿ ಮ್ಯೂಸಿಯಂನಲ್ಲಿರುವ ಸುಣ್ಣಗಲ್ಲಿನ ಉಂಡೆ, ಒಳಗೆ ಮೀನಿನ ಪಳೆಯುಳಿಕೆ. ಮೊಳದುದ್ದ, ಎರಡು ಹೋಳು. ಚೀಟಿಯಲ್ಲಿ 'ಸಾಂತಾನಾ, ಬ್ರೆಜಿಲ್' ಅಂತಷ್ಟೇ ಇದೆ. ಬಾಲದ ಮೇಲೂ ಕೆಳಗೂ ಒಂದೇ ಅಳತೆಯ ರೆಕ್ಕೆ, ನಡುವೆ ಪುಟ್ಟ ಕುಚ್ಚು. ತಲೆ ಕಲ್ಲೊಳಗೇ ಇದೆ. ಅಡುಗೆ ವಿನೆಗರ್‌ನಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತಾ? ಇದು ಸಮುದ್ರದ ಮೀನೋ, ಸಿಹಿನೀರಿನದೋ?

ಸುಣ್ಣದ ನೀರು: ಬಾಲಕ್ಕೆ ಕುಚ್ಚಿದ್ದರೆ ಸೀಲಕ್ಯಾಂತೇ, ಅಂದರೆ ತಿರುಳು ರೆಕ್ಕೆಯ ಪುರಾತನ ಮೀನಿನ ಗುಂಪು. ಸಾಂತಾನಾ ಪದರಗಳಿಂದ ಆಕ್ಸೆಲ್ರೋಡಿಕ್ತಿಸ್, ಮಾಸೋನಿಯ ಎಂಬ ಎರಡು ಸೀಲಕ್ಯಾಂತ್‌ಗಳೂ ಸಿಕ್ಕಿವೆ. ತಲೆಬುರುಡೆ ನೋಡದೆ ಯಾವುದೆಂದು ಹೇಳುವುದು ಕಷ್ಟ.

ವಿನೆಗರ್ ಬೇಡ ಸರ್. ಅದರಲ್ಲಿ ಮೂಳೆಯನ್ನು ಕಾಯುವ ಬಫರ್ ಇಲ್ಲ, ಕಲ್ಲಿನ ಜತೆ ಮೂಳೆಯ ಅಂಚೂ ಸವೆಯುತ್ತೆ. ಬಾತ್‌ರೂಂ ಆ್ಯಸಿಡ್ಡಂತೂ ಮೀನನ್ನೇ ನುಂಗಿಬಿಡುತ್ತೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 4.75 ಲೀಟರ್ ನೀರು, ಅದಕ್ಕೆ 250 ಮಿ.ಲೀ. ಗ್ಲೇಶಿಯಲ್, ಅಂದರೆ ನೀರು ಬೆರೆಸದ, ಅಸಿಟಿಕ್ ಆ್ಯಸಿಡ್ (ನೀರಿಗೆ ಆ್ಯಸಿಡ್, ಉಲ್ಟಾ ಅಲ್ಲ), ಬಫರ್ ಆಗಿ ಲೀಟರಿಗೆ 1 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಬೇಕೇ ಬೇಕು. ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ರಕ್ಷಕ ರಾಳವನ್ನು ಕಾಣುವ ಮೂಳೆಗೆ ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ಇಳಿಸಿ. ಒಂದು ದಿನ ಆ್ಯಸಿಡ್, ಎರಡು-ಮೂರು ದಿನ ನೀರು. ಒಣಗಿಸಿ, ಹೊಸದಾಗಿ ತಲೆಯೆತ್ತಿದ ಮೂಳೆಗೆ ಬಳಿದು, ಮತ್ತೆ ಆ್ಯಸಿಡ್. ತಿಂಗಳುಗಟ್ಟಲೆ ಹಿಡಿಯುತ್ತೆ.

ಗ್ನೈಸ್ ಗುಡ್ಡ: ಕೆಡುವುದು ಹೆಚ್ಚಾಗಿ ತೊಳೆಯುವಾಗ. ಮೂಳೆಯ ಸಣ್ಣ ತೂತುಗಳಲ್ಲಿ ಸುಣ್ಣ ಕರಗಿ ಆಗುವ ಕ್ಯಾಲ್ಸಿಯಂ ಅಸಿಟೇಟ್ ಉಪ್ಪು ಉಳಿದರೆ ಒಣಗುತ್ತಾ ಬಿಳಿ ಹರಳು ಕಟ್ಟಿ ಒಳಗಿಂದಲೇ ಸೀಳುತ್ತೆ. ಬೋರ್‌ವೆಲ್ ನೀರಾದರೆ ಅದರದ್ದೇ ಉಪ್ಪು ಬೇರೆ. ಕಾವೇರಿ ನೀರನ್ನು ದಿನಕ್ಕೆರಡು ಸಲ ಬದಲಿಸಿ, ಕೊನೆಗೆ ಡಿಸ್ಟಿಲ್ಡ್ ವಾಟರ್. ಮಳೆಗಾಲದಲ್ಲಿ ಪ್ಯಾರಾಲಾಯ್ಡ್ ಹಾಲಿನ ಕೆನೆ ಹಾಗೆ ಬೆಳ್ಳಗಾದರೆ ತೇವ ಸೇರಿದೆ ಎಂದೇ ಅರ್ಥ.

ಕೆಸರು ಪದರ: ಇಷ್ಟು ಅವಸರ ಯಾಕೆ? ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸಿ. ಇದೇ ಪದರದ ರಾಕೋಲೆಪಿಸ್ ಮೀನಿನಲ್ಲಿ ಹೃದಯ ಉಳಿದಿರುವುದು 2016ರಲ್ಲಿ ಬೆಳಕಿಗೆ ಬಂದದ್ದು ಎಕ್ಸ್-ರೇಯಿಂದ, ಬಕೆಟ್ಟಿನಿಂದಲ್ಲ.

ಸಮುದ್ರವೋ ಸಿಹಿನೀರೋ ಎಂಬುದಕ್ಕೆ ಮೀನಿನ ಹೆಸರು ಸಾಕಾಗಲ್ಲ. ಮಾಸೋನಿಯ ಆಫ್ರಿಕದ ನದಿ ಪದರಗಳಲ್ಲೂ ಇದೆ. ಸುಮಾರು 11 ಕೋಟಿ ವರ್ಷದ ಹಿಂದೆ, ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಬೇರಾಗುತ್ತಿದ್ದಾಗ, ಸಾಂತಾನಾ ಪದರಗಳಿರುವ ಈಗಿನ ಅರಾರಿಪೆ ಒಣನಾಡಿಗೆ ಕಡಲು ನುಗ್ಗಿತ್ತು. ಆಳವಿಲ್ಲದ, ಉಪ್ಪು ಏರಿಳಿಯುತ್ತಿದ್ದ ನೀರು. ಮೇಲಿನ ಪದರದಲ್ಲಿ ಸೀ ಅರ್ಚಿನ್ (ಮುಳ್ಳುಚೆಂಡಿನಂಥ ಕಡಲಜೀವಿ) ಸಿಗುತ್ತೆ, ಅದು ಉಪ್ಪುನೀರು ಬಿಟ್ಟು ಬದುಕಲ್ಲ. ತಳದಲ್ಲಿ ಆಕ್ಸಿಜನ್ ಕಮ್ಮಿ, ಹೆಣ ಕೀಳುವವರಿಲ್ಲ. ಮೀನು ಚಪ್ಪಟೆಯಾಗುವ ಮುಂಚೆಯೇ ಸುತ್ತ ಸುಣ್ಣ ಗಟ್ಟಿಯಾಯಿತು. ಅದಕ್ಕೇ ಒಳಗಿನ ಮೀನು ಇನ್ನೂ ದುಂಡಗಿದೆ.

ನಿಮ್ಮ ಉಂಡೆಯ ನೀರು ಎಂಥದ್ದೆಂದು ಹೇಳಬಲ್ಲವು ಕಲ್ಲಿನಲ್ಲಿರುವ ಆಸ್ಟ್ರಕಾಡ್ ಎಂಬ ಪುಟಾಣಿ ನೀರಜೀವಿಗಳ ಚಿಪ್ಪುಗಳು. ಅವೂ ಸುಣ್ಣವೇ, ಮೊದಲ ದಿನವೇ ಕರಗಿಹೋಗುತ್ತವೆ. ಆ್ಯಸಿಡ್‌ಗೆ ಮುಂಚೆ ಒಂದು ಚೂರು ಕೊಯ್ದಿಡಿ.

ಇನ್ನೊಂದು: 1942ರಿಂದ ಬ್ರೆಜಿಲ್‌ನಲ್ಲಿ ಪಳೆಯುಳಿಕೆ ಸರ್ಕಾರದ ಆಸ್ತಿ. ಉಂಡೆ ಯಾವ ವರ್ಷ ಬಂತೆಂದು ರಿಜಿಸ್ಟರ್ ತೆಗೆಸಿ ನೋಡಿ.

ಕಪಾಟಿನ ಕಲ್ಲು: ಸರಿ. ಚೂರು ಎಲ್ಲಿಂದ ಕೊಯ್ಯಲಿ?

ಕೆಸರು ಪದರ: ಬಾಲದ ಹಿಂದಿನ ಬರೀ ಕಲ್ಲಿನಿಂದ, ಹೆಬ್ಬೆರಳಷ್ಟು. ಸ್ಕ್ಯಾನ್ ಬಂದ ಮೇಲೆ ಕೊಯ್ಯಿರಿ, ರೆಕ್ಕೆಯ ತುದಿ ಅಲ್ಲೇ ಅಡಗಿರಬಹುದು.