ಸಹಾಯ ಬೇಕು: ಲೂಪ್ ಹಾಕಿದ ಹಾಡನ್ನು ಕಂಟೆಂಟ್ ಐಡಿಗೆ ಕೊಡಬಹುದಾ?

ನಮಸ್ಕಾರ, ನಾನು ಸಾಗರದವನು. ಒಂದು ಹಾಡು ಮಾಡಿದ್ದೇನೆ. ಸಾಹಿತ್ಯ, ರಾಗ ನನ್ನದೇ. ಡೊಳ್ಳು ಬಾರಿಸಿದ್ದು ನಮ್ಮೂರ ತಂಡ. ಹೆಂಚಿನ ಮೇಲೆ ಬಿದ್ದ ಮಳೆ ಸದ್ದೂ ರೆಕಾರ್ಡಿಂಗ್‌ನಲ್ಲಿ ಸೇರಿಕೊಂಡಿದೆ, ಇರಲಿ ಅಂತ ಬಿಟ್ಟೆ. ಗಿಟಾರ್, ಬೇಸ್ ಮಾತ್ರ ಗ್ಯಾರೇಜ್‌ಬ್ಯಾಂಡ್ (ಆಪಲ್‌ನ ಸಂಗೀತ ಆ್ಯಪ್) ಲೂಪ್, ಅಂದರೆ ಅದರಲ್ಲೇ ಸಿದ್ಧವಾಗಿ ಸಿಗುವ, ಮತ್ತೆ ಮತ್ತೆ ನುಡಿಸಬಹುದಾದ ಸಂಗೀತದ ತುಣುಕು.

ಆ ಲೂಪ್‌ಗಳಿಗೆ ರಾಯಲ್ಟಿ ಇಲ್ಲ, ನಮ್ಮ ಹಾಡಿನಲ್ಲಿ ಬಳಸಿ ಮಾರಬಹುದು. ಅಷ್ಟು ಗೊತ್ತು. ಆದರೆ ಯೂಟ್ಯೂಬ್ ಕಂಟೆಂಟ್ ಐಡಿಗೆ (ನಮ್ಮ ಹಾಡು ಬೇರೆಯವರ ವಿಡಿಯೋದಲ್ಲಿ ಬಂದರೆ ತಾನೇ ಗುರುತಿಸುವ ವ್ಯವಸ್ಥೆ) ಕೊಡಬೇಕಾದರೆ ಹಕ್ಕು ನಮ್ಮೊಬ್ಬರದ್ದೇ ಆಗಿರಬೇಕು. ಅದೇ ಲೂಪ್ ಎಷ್ಟೋ ಜನರ ಹಾಡಲ್ಲಿ ಇರುತ್ತದೆ ಅಲ್ವಾ? ಪಿಚ್ ಬದಲಿಸಿದೆ, ತುಂಡು ಮಾಡಿ ಹಿಂದೆಮುಂದೆ ಜೋಡಿಸಿದೆ. ಕೇಳೋಕೆ ಬೇರೆ ಅನಿಸುತ್ತದೆ, ಮೂಲ ಧ್ವನಿ ಅದೇ ತಾನೇ?

ಲೂಪ್ ಹಾಕಿದರೆ ಸ್ವಂತ ಸಂಗೀತ ಹೌದಾ ಅಲ್ಲವಾ ಅನ್ನೋ ಜಗಳ ಸದ್ಯಕ್ಕೆ ಬೇಡ. ಕಂಟೆಂಟ್ ಐಡಿಗೆ ಇಷ್ಟು ಬದಲಾವಣೆ ಸಾಕಾ, ಅಥವಾ ಗಿಟಾರ್, ಬೇಸ್ ಎರಡನ್ನೂ ಹೊಸದಾಗಿ ನುಡಿಸಿಯೇ ಹಾಕಬೇಕಾ? ಕೊಟ್ಟು ನೋಡಿದವರು ದಯವಿಟ್ಟು ತಿಳಿಸಿ.